ಹಳೆ ಅಲ್ಯೂಮಿನಿಯಂ ದೋಣಿ, ಈರಿ ಕೆರೆ, ಮತ್ತು ನಾವು ಮಾಡಿದ ಒಂದೂವರೆ ಗಂಟೆ ತಡ

ಈ ವಾರ ಅಡಿಕೆ ಇಲ್ಲ, ಕಾಳುಮೆಣಸು ಇಲ್ಲ, ಗೊಬ್ಬರದ ಲೆಕ್ಕಾಚಾರ ಮಾತ್ರ ಕೊನೆಯಲ್ಲಿ ಸ್ವಲ್ಪ ಇದೆ. ಬೋರ್ಡೋ ದ್ರಾವಣವನ್ನ ಅಲ್ಯೂಮಿನಿಯಂ ಪಾತ್ರೆಯಲ್ಲಿ ಯಾಕೆ ಕಲಸಬಾರದು ಅಂತ ನಮ್ಮೂರಿನ ಹುಡುಗನೊಬ್ಬ ಮೊನ್ನೆ ಕೇಳಿದ. ಉತ್ತರ ಹೇಳೋಕೆ ಹೊರಟವನಿಗೆ ನೆನಪಾದದ್ದು ಕಾಲೇಜಿನ ಪಾಠ ಅಲ್ಲ, ಅಮೆರಿಕದ ಒಂದು ಹಿತ್ತಲಲ್ಲಿ ನಾವು ರಿಪೇರಿ ಮಾಡಿದ 1974ರ ದೋಣಿ. ಹಾಗಾಗಿ ಆ ಕಥೆಯನ್ನೇ ಪೂರ್ತಿ ಹೇಳಿಬಿಡ್ತೀನಿ.

ಮೂರು ವರ್ಷದ ಹಿಂದೆ ನನ್ನ ದೊಡ್ಡಪ್ಪನ ಮಗನಿಗೆ ಮಗು ಆಯ್ತು. ಅವನಿರೋದು ಒಹಾಯೋ ರಾಜ್ಯದಲ್ಲಿ, ಟೊಲಿಡೊ ಪಟ್ಟಣದ ಹತ್ತಿರ. ಬಾಣಂತನಕ್ಕೆ ದೊಡ್ಡಮ್ಮ ಹೋಗಬೇಕು, ಒಬ್ಬಳೇ ವಿಮಾನ ಹತ್ತೋಲ್ಲ ಅಂತ ಹಟ. ಹಾಗಾಗಿ ಏಪ್ರಿಲ್ ಮೊದಲ ವಾರ ಜೊತೆಗೆ ನಾನೂ ಹೊರಟೆ. ತೋಟ ತಮ್ಮನ ತಲೆಗೆ ಬಿತ್ತು. ಜೂನ್ ಕೊನೆಗೆ ನಾನು ವಾಪಸ್ ಬಂದಾಗ ಮೊದಲ ಸುತ್ತಿನ ಬೋರ್ಡೋ ಅವನೇ ಹೊಡೆಸಿ ಮುಗಿಸಿದ್ದ, ಅದಕ್ಕೆ ಇವತ್ತಿಗೂ ಮಾತು ಕೇಳ್ತಾ ಇದೀನಿ.

ಹೋದ ಎರಡನೇ ದಿನವೇ ಅಣ್ಣ ಮಾಮಿ ನದಿ ತೋರಿಸೋಕೆ ಕರ್ಕೊಂಡು ಹೋದ. ನಾವು ಮಲೆನಾಡಿನವರು ನೋಡಿದ ಕೂಡಲೇ ನಗು ಬರೋ ಹಾಗಿತ್ತು. ಕೊರೆಯುವ ಚಳಿಯಲ್ಲಿ ನೂರಾರು ಜನ ರಬ್ಬರ್ ಪ್ಯಾಂಟು ಹಾಕ್ಕೊಂಡು ಸೊಂಟದವರೆಗೆ ನೀರಲ್ಲಿ ಸಾಲಾಗಿ ನಿಂತು ಗಾಳ ಎಸೀತಿದ್ರು. ಈರಿ ಕೆರೆಯ ವಾಲೈ ಮೀನು ಚಳಿಗಾಲ ಮುಗಿಯೋ ಹೊತ್ತಿಗೆ ಮೊಟ್ಟೆ ಇಡೋಕೆ ಈ ನದಿ ಹತ್ತುತ್ತವೆ. ನಮ್ಮಲ್ಲಿ ಮೊದಲ ಮಳೆಗೆ ಗದ್ದೆ ಬದಿಯಲ್ಲಿ ಹತ್ತುಮೀನು ಹಿಡಿಯೋಕೆ ಕೂಣಿ ಹಾಕ್ಕೊಂಡು ಕೂರ್ತೀವಲ್ಲ, ಅದೇ ಹುಚ್ಚು. ಭಾಷೆ ಬೇರೆ, ಪ್ಯಾಂಟು ಬೇರೆ ಅಷ್ಟೆ.

ಹಿತ್ತಲಲ್ಲಿ ಮಲಗಿದ್ದ ದೋಣಿ

ಅಣ್ಣ ಹಿಂದಿನ ವರ್ಷ 900 ಡಾಲರ್ ಕೊಟ್ಟು ಒಂದು ಹಳೆ ದೋಣಿಯನ್ನ ಟ್ರೈಲರ್ ಸಮೇತ ತಗೊಂಡಿದ್ದ. ಇಂಡಿಯಾನಾ ರಾಜ್ಯದ ಸ್ಟಾರ್‌ಕ್ರಾಫ್ಟ್ ಕಂಪನಿಯದು, 18 ಅಡಿ, ಪೂರ್ತಿ ಅಲ್ಯೂಮಿನಿಯಂ. ಟಾರ್ಪಾಲಿನ್ ಮುಚ್ಚಿ ಹಿತ್ತಲಲ್ಲಿ ಇಟ್ಟಿದ್ದ. ಅದರೊಳಗೆ ಎಲೆ ಕೊಳೆತು ಒಳ್ಳೇ ಕಾಂಪೋಸ್ಟ್ ಆಗಿತ್ತು. ಅದನ್ನ ಹೆಂಡತಿಯ ಟೊಮೆಟೊ ಮಡಿಗೆ ಹಾಕಿದ್ದೇ ಅಲ್ಲಿ ನಾನು ಮಾಡಿದ ಮೊದಲ ಕೆಲಸ.

ಇಂಥ ದೋಣಿಗಳಿಗೆ ಅಲ್ಲಿ ದೊಡ್ಡ ಅಭಿಮಾನಿ ಬಳಗ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಮಾನ ಮಾಡುತ್ತಿದ್ದ ಕಾರ್ಖಾನೆಗಳಲ್ಲಿ ಅಲ್ಯೂಮಿನಿಯಂ ತಗಡೂ ಇತ್ತು, ರಿವೆಟ್ ಹೊಡೆಯೋ ಕೈಗಳೂ ಇದ್ದವು, ಆದ್ರೆ ವಿಮಾನದ ಆರ್ಡರ್ ಇಲ್ಲ. ಯುದ್ಧವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿಯ ವಿಲಿಯಂ ಹಾಫ್‌ಮನ್ ಅನ್ನೋ ಅಧಿಕಾರಿ 1944ರಲ್ಲಿ ರಜೆಗೆ ಹೋದಾಗ ಭಾರದ ಮರದ ದೋಣಿ ಹೊತ್ತು ಸುಸ್ತಾಗಿ, ಇದನ್ನ ಅಲ್ಯೂಮಿನಿಯಂನಲ್ಲಿ ಯಾಕೆ ಮಾಡಬಾರದು ಅಂತ ಯೋಚಿಸಿದ. ಮುಂದಿನ ವರ್ಷದಿಂದಲೇ ಗ್ರಮ್ಮನ್ ಕನೂಗಳು ಬಂದವು. ಬೇರೆ ಕಂಪನಿಗಳೂ ಸೇರಿಕೊಂಡವು. ಸಿಹಿನೀರಲ್ಲಿ ಅಲ್ಯೂಮಿನಿಯಂಗೆ ತುಕ್ಕಿನ ಕಾಟ ಇಲ್ಲ. ಗಾಳಿ ತಾಗಿದ ಕೂಡಲೇ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಳ್ಳುತ್ತೆ, ಅದೇ ರಕ್ಷಣೆ. ಅದಕ್ಕೇ ಐವತ್ತು ವರ್ಷದ ದೋಣಿ ಇನ್ನೂ ತೇಲುತ್ತವೆ.

ಆದ್ರೆ ತೇಲೋದು ಬೇರೆ, ಈರಿಗೆ ಇಳಿಯೋದು ಬೇರೆ. ಅದನ್ನ ಕೆರೆ ಅಂತ ಕರೆಯೋಕೆ ನಮಗೆ ಮುಜುಗರ ಆಗಬೇಕು. ಸುಮಾರು 25,700 ಚದರ ಕಿಲೋಮೀಟರ್. ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆ ಒಟ್ಟು ಹಾಕಿದರೂ ಅದರೊಳಗೆ ಮುಳುಗಿ ಜಾಗ ಉಳಿಯುತ್ತೆ. ಇನ್ನೊಂದು ವಿಷಯ, ಅಮೆರಿಕದ ಐದು ಮಹಾಸರೋವರಗಳಲ್ಲಿ ಇದೇ ಎಲ್ಲಕ್ಕಿಂತ ಕಡಿಮೆ ಆಳದ್ದು. ಪಶ್ಚಿಮದ ಭಾಗವಂತೂ ಸರಾಸರಿ ಏಳೂವರೆ ಮೀಟರ್ ಅಷ್ಟೆ. ಆಳ ಕಡಿಮೆ ಅಂದ್ರೆ ಅಪಾಯ ಕಡಿಮೆ ಅಂತ ನಾನೂ ಅಂದುಕೊಂಡಿದ್ದೆ. ತದ್ವಿರುದ್ಧ. ಆಳ ಇಲ್ಲದ ನೀರಲ್ಲಿ ಗಾಳಿ ಎದ್ದರೆ ಅಲೆ ಬೇಗ ಏಳುತ್ತೆ, ಒತ್ತೊತ್ತಾಗಿ, ಗೋಡೆ ಥರ ಕಡಿದಾಗಿ ಏಳುತ್ತೆ.

ತಗಡು ಗಟ್ಟಿ, ಮರ ಪುಡಿ

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಜೀವಮಾನ ಪೂರ್ತಿ ಮೆಕ್ಕೆಜೋಳ, ಸೋಯಾ ಬೆಳೆದು, ಜಮೀನು ಗೇಣಿಗೆ ಕೊಟ್ಟು ಕೂತಿದ್ದವರು. ದೋಣಿ ಹೊರಗೆ ಎಳೆದ ದಿನವೇ ಕಾಫಿ ಲೋಟ ಹಿಡ್ಕೊಂಡು ಬಂದ್ರು, ಮತ್ತೆ ಎರಡು ತಿಂಗಳು ದಿನಾ ಬಂದ್ರು. ಅವರು ಮೊದಲು ಮಾಡಿದ್ದು ದೋಣಿಯ ಹಿಂಬದಿಯ ಹಲಗೆಗೆ ಸುತ್ತಿಗೆ ಹಿಡಿಯಿಂದ ಟಕ್ ಟಕ್ ಅಂತ ಬಡಿದದ್ದು. ಎಂಜಿನ್ ನೇತುಹಾಕೋದು ಆ ಹಲಗೆಗೇ, ಟ್ರಾನ್ಸಮ್ ಅಂತಾರೆ. ಹೊರಗೆ ಅಲ್ಯೂಮಿನಿಯಂ ಹೊದಿಕೆ, ಒಳಗೆ ದಪ್ಪ ಪ್ಲೈವುಡ್. ಎರಡು ಕಡೆ ಟಣ್ ಅಂತು, ಮಧ್ಯದಲ್ಲಿ ಧಬ್ ಅಂತು. ಡ್ರಿಲ್‌ನಲ್ಲಿ ಸಣ್ಣ ತೂತು ಕೊರೆದ್ರೆ ಹೊರಗೆ ಬಂದದ್ದು ಮರದ ಪುಡಿ ಅಲ್ಲ, ಕಪ್ಪು ಗೊಜ್ಜು. ಕೆಂಪು ಮೂತಿ ಹುಳ ಹೊಕ್ಕ ತೆಂಗಿನ ಮರ ನೋಡಿದವರಿಗೆ ಇದು ಗೊತ್ತಾಗುತ್ತೆ. ಹೊರಗಿಂದ ಮರ ನೆಟ್ಟಗೆ, ಒಳಗೆ ಏನೂ ಇಲ್ಲ.

ಈ ಹಲಗೆಯ ಮೇಲೆ ಅಣ್ಣ ನೇತುಹಾಕಬೇಕು ಅಂತಿದ್ದದ್ದು ಸೆಕೆಂಡ್ ಹ್ಯಾಂಡ್ 60 ಎಚ್‌ಪಿ ಎಂಜಿನ್, ನೂರು ಕಿಲೋಗಿಂತ ಹೆಚ್ಚು ಭಾರ. ಅಲೆ ಮೇಲೆ ದೋಣಿ ಕುಪ್ಪಳಿಸಿದಾಗಲೆಲ್ಲ ಆ ಭಾರ ಹಲಗೆಯನ್ನ ಹಿಂದಕ್ಕೆ ಕೀಳುತ್ತೆ. ಕಿತ್ತು ಬಂದ್ರೆ ಎಂಜಿನ್ ಜೊತೆ ದೋಣಿಯ ಹಿಂಬದಿಯೇ ಹೋಗುತ್ತೆ.

ನೆಲದ ಹಲಗೆ ಕಿತ್ತರೆ ಕೆಳಗೆ ಇನ್ನೊಂದು ಕಥೆ. ದೋಣಿ ತುಂಬಿದರೂ ಮುಳುಗದೆ ತೇಲಲಿ ಅಂತ ನೆಲದಡಿ ಫೋಮ್ ತುಂಬಿರ್ತಾರೆ. ಐವತ್ತು ವರ್ಷ ನೀರು ಕುಡಿದು ಅದು ಒದ್ದೆ ಬಟ್ಟೆ ಥರ ಆಗಿತ್ತು. ಬಕೆಟ್‌ನಲ್ಲಿ ಹೊರಗೆ ಹಾಕಿ ತೂಗಿ ನೋಡಿದ್ವಿ, ಒಂದು ಸಿಮೆಂಟ್ ಚೀಲಕ್ಕಿಂತ ಜಾಸ್ತಿ. ಅಂದ್ರೆ ತೇಲಿಸಬೇಕಾದದ್ದೇ ಮುಳುಗಿಸೋಕೆ ಕೂತಿತ್ತು. ಅಣ್ಣ ಅಂದ, ಫೋಮ್ ಬಿಟ್ಟುಬಿಡೋಣ, ಖಾಲಿ ಇದ್ರೆ ಹಗುರ. ಅಜ್ಜ ಜಗಳಕ್ಕೇ ನಿಂತ್ರು. ದೋಣಿಗೆ ಒಂದು ಅಲೆ ನೀರು ನುಗ್ಗಿದ್ರೆ ನಿಮ್ಮನ್ನ ಮೇಲೆ ಹಿಡಿದುಕೊಳ್ಳೋದು ಆ ಫೋಮ್ ಮಾತ್ರ, ಹೊಸದು ಹಾಕದೆ ಇದ್ರೆ ನಾನು ನಿಮ್ಮ ಮನೆ ಕಡೆ ಬರೋದಿಲ್ಲ ಅಂದ್ರು. ನೀರು ಹೀರದ, ಮುಚ್ಚಿದ ಗುಳ್ಳೆಗಳ ಫೋಮ್ ಹಲಗೆ ತಂದು ಕತ್ತರಿಸಿ ಕೂರಿಸಿದ್ವಿ. ಕೆಳಗೆ ನೀರು ಹರಿಯೋಕೆ ಸಂದು ಬಿಟ್ವಿ. ಬಸಿಗಾಲುವೆ ಇಲ್ಲದ ಅಡಿಕೆ ತೋಟ ಏನಾಗುತ್ತೆ ಅಂತ ಗೊತ್ತಿದ್ದ ನನಗೆ ಅದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಿವೆಟ್ ಸೋರಿಕೆ ಹುಡುಕೋದು ಬಲು ಸುಲಭ, ತಲೆಕೆಳಗಾದ ಉಪಾಯ. ದೋಣಿಯನ್ನ ನೀರಿಗೆ ಹಾಕೋದಲ್ಲ, ನೀರನ್ನ ದೋಣಿಗೆ ಹಾಕೋದು. ಟ್ರೈಲರ್ ಮೇಲೆ ಇಟ್ಟು ಒಳಗೆ ನಾಲ್ಕೈದು ಇಂಚು ನೀರು ಬಿಡಿ. ಜಾಸ್ತಿ ಬಿಡಬಾರದು, ನೀರಿನ ಭಾರಕ್ಕೆ ತಳ ಸೊಟ್ಟಗಾಗುತ್ತೆ. ಕೆಳಗೆ ಮಲಗಿ ಟಾರ್ಚ್ ಹಾಕಿ ಎಲ್ಲೆಲ್ಲಿ ತೊಟ್ಟಿಕ್ಕುತ್ತೋ ಅಲ್ಲಿ ಮಾರ್ಕರ್‌ನಿಂದ ಸುತ್ತು ಹಾಕಿ. ನಮಗೆ ಸಿಕ್ಕಿದ್ದು 31 ಸುತ್ತು. ಸಡಿಲ ಆದದ್ದನ್ನ ಮತ್ತೆ ಬಿಗಿ ಮಾಡಬಹುದು. ಒಳಗಿಂದ ಒಬ್ಬ ಕಬ್ಬಿಣದ ತುಂಡು ಒತ್ತಿ ಹಿಡೀಬೇಕು, ಹೊರಗಿಂದ ಇನ್ನೊಬ್ಬ ಹೊಡೀಬೇಕು. ತೀರಾ ಸವೆದದ್ದನ್ನ ಕೊರೆದು ತೆಗೆದು, ದೋಣಿಗೆ ಹಾಕೋ ಸೀಲೆಂಟ್ ಹಚ್ಚಿ ಹೊಸದು ಕೂರಿಸಿದ್ವಿ. ದೋಣಿಯೊಳಗೆ ಕುಕ್ಕರುಗಾಲಲ್ಲಿ ಕೂತು ಕಬ್ಬಿಣ ಹಿಡಿಯೋ ಕೆಲಸ ನನ್ನದು. ಮೂರು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ನೀವು ಮಾಡೋದಾದ್ರೆ ಕಿವಿಗೆ ಏನಾದ್ರೂ ಹಾಕ್ಕೊಳ್ಳಿ.

ತಾಮ್ರದ ಜಗಳ

ಈಗ ಆ ಹುಡುಗನ ಪ್ರಶ್ನೆಗೆ ಬಂದೆ. ಟ್ರಾನ್ಸಮ್‌ಗೆ ಹೊಸ ಪ್ಲೈವುಡ್ ಬೇಕಿತ್ತು. ದೋಣಿಗೇ ಅಂತ ಮಾಡಿದ ಪ್ಲೈವುಡ್ ದುಬಾರಿ. ಅಣ್ಣನ ಗ್ಯಾರೇಜಿನಲ್ಲಿ, ಮನೆ ಹಿಂದಿನ ಜಗಲಿ ಕಟ್ಟಿದಾಗ ಉಳಿದ ಹಸಿರು ಬಣ್ಣದ ಹಲಗೆಗಳಿದ್ದವು. ಗೆದ್ದಲು ಹಿಡಿಯದ, ಕೊಳೆಯದ, ಔಷಧಿ ಉಣಿಸಿದ ಮರ. ನಾನೇ ಹೇಳಿದೆ, ಇದಕ್ಕಿಂತ ಒಳ್ಳೇದು ಬೇಕಾ, ದುಡ್ಡೂ ಉಳೀತು ಅಂತ. ಅಳತೆ ತೆಗೆದು ಗೆರೆನೂ ಎಳೆದಾಗಿತ್ತು.

ಅಜ್ಜ ಹಲಗೆ ಮೇಲಿನ ಚೀಟಿ ತೋರಿಸಿ, ಇದರಲ್ಲಿ ಏನಿದೆ ಓದು ಅಂದ್ರು. ತಾಮ್ರ! ಅಲ್ಲಿ 2004ರಿಂದ ಮನೆ ಬಳಕೆಯ ಮರಕ್ಕೆ ಆರ್ಸೆನಿಕ್ ಇರೋ ಹಳೆ ಔಷಧಿ ಬಿಟ್ಟು, ಹೆಚ್ಚು ತಾಮ್ರ ಇರೋದನ್ನ ಉಣಿಸ್ತಾರೆ. ತಾಮ್ರ ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ಒಂದಕ್ಕೊಂದು ತಾಗಿದ್ರೆ ಅದೊಂದು ಬ್ಯಾಟರಿ ಆಗುತ್ತೆ. ಬ್ಯಾಟರಿಯಲ್ಲಿ ಕರಗೋದು ಯಾವಾಗಲೂ ಬಡಪಾಯಿ ಲೋಹ, ಇಲ್ಲಿ ಅಲ್ಯೂಮಿನಿಯಂ. ಮರ ಕೊಳೆಯೋಲ್ಲ ನಿಜ, ಆದ್ರೆ ಅದನ್ನ ಹೊದ್ದ ತಗಡಿಗೆ ಒಳಗಿಂದ ತೂತು ಬೀಳುತ್ತೆ. ಹೊರಗೆ ಕಾಣೋ ಹೊತ್ತಿಗೆ ಎಂಜಿನ್ ನೇತಾಡ್ತಿರುತ್ತೆ.

ನನಗೆ ನಾಚಿಕೆ ಆದದ್ದು ಯಾಕೆ ಅಂದ್ರೆ, ಇದು ನನಗೆ ಗೊತ್ತಿತ್ತು. ತೋಟಗಾರಿಕೆ ಓದಿದವನು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ನಿದ್ದೆಯಲ್ಲೂ ಹೇಳ್ತೀನಿ. ಮೈಲುತುತ್ತವನ್ನ ಕಬ್ಬಿಣ, ಅಲ್ಯೂಮಿನಿಯಂ, ಸತು ಬಳಿದ ಪಾತ್ರೆಗೆ ಹಾಕಬೇಡಿ, ಪ್ಲಾಸ್ಟಿಕ್ ಡ್ರಮ್ ಬಳಸಿ ಅಂತ ಎಷ್ಟು ಜನಕ್ಕೆ ಹೇಳಿದ್ದೀನಿ. ದ್ರಾವಣಕ್ಕೆ ಉಜ್ಜಿದ ಕತ್ತಿ ಅದ್ದಿ, ಕೆಂಪು ಬಣ್ಣ ಕೂತರೆ ಸುಣ್ಣ ಕಮ್ಮಿ ಅಂತ ಪರೀಕ್ಷೆ ಮಾಡ್ತೀವಲ್ಲ, ಕತ್ತಿ ಮೇಲೆ ಕೂರೋದೂ ಅದೇ ತಾಮ್ರ, ಕರಗೋದು ಕತ್ತಿಯ ಕಬ್ಬಿಣ. ತೋಟದಲ್ಲಿ ಗೊತ್ತಿದ್ದದ್ದು ಹಿತ್ತಲಿನ ದೋಣಿಗೆ ಅನ್ವಯಿಸುತ್ತೆ ಅಂತ ತಲೆಗೆ ಹೊಳೀಲೇ ಇಲ್ಲ. ಉಳಿಯೋ ದುಡ್ಡು ಕಣ್ಣಿಗೆ ಕಾಣ್ತಿತ್ತು, ಅಷ್ಟೆ.

ಕೊನೆಗೆ ತಾಮ್ರ ಇಲ್ಲದ ಪ್ಲೈವುಡ್ ತಂದು, ಎರಡು ಪದರ ಅಂಟಿಸಿ, ಅಂಚು, ಬೋಲ್ಟ್ ತೂತುಗಳ ಒಳಮೈ ಸೇರಿ ಎಲ್ಲಕ್ಕೂ ಎಪಾಕ್ಸಿ ಮೂರು ಕೋಟು ಕುಡಿಸಿದ್ವಿ. ಹಳೆ ಹಲಗೆಗೆ ನೀರು ಹೊಕ್ಕಿದ್ದು ಬೋಲ್ಟ್ ತೂತಿನಿಂದಲೇ. ತಳಕ್ಕೆ ಬಣ್ಣ ಹಾಕುವಾಗಲೂ ಅದೇ ಎಚ್ಚರ, ಪಾಚಿ ಕಟ್ಟದಿರಲಿ ಅಂತ ಮಾರೋ ತಾಮ್ರದ ಬಣ್ಣ ಅಲ್ಯೂಮಿನಿಯಂ ದೋಣಿಗೆ ಆಗೋದಿಲ್ಲ. ಎಂಜಿನ್ ಬಿಟ್ಟು ಒಟ್ಟು ಖರ್ಚು 1,400 ಡಾಲರ್ ಹತ್ತಿರ ಬಂತು, ದೋಣಿಯ ಬೆಲೆಗಿಂತ ಜಾಸ್ತಿ. ಹಳೆ ಟ್ರಾಕ್ಟರ್ ತಗೊಂಡವರಿಗೆ ಈ ಲೆಕ್ಕ ಹೊಸದಲ್ಲ.

ನೀರಿಗೆ

ಮೇ ಕೊನೆ ವಾರ ಮೊದಲ ಸಲ ಇಳಿಸಿದ್ವಿ, ಪೋರ್ಟ್ ಕ್ಲಿಂಟನ್ ಊರಿನ ಪಕ್ಕ ಕಟಾಬಾ ಅನ್ನೋ ಜಾಗದಿಂದ. ಪೋರ್ಟ್ ಕ್ಲಿಂಟನ್ ಜನ ತಮ್ಮದನ್ನ ಜಗತ್ತಿನ ವಾಲೈ ರಾಜಧಾನಿ ಅಂತ ಕರ್ಕೋತಾರೆ. ಹೊಸ ವರ್ಷದ ರಾತ್ರಿ ಅಲ್ಲಿ ಕ್ರೇನ್‌ನಿಂದ ಇಳಿಸೋದು ದೀಪದ ಗೋಲವನ್ನಲ್ಲ, ಫೈಬರ್‌ನ ದೈತ್ಯ ಮೀನನ್ನ. ಕಟಾಬಾ ಅಂದ್ರೆ ಒಂದು ದ್ರಾಕ್ಷಿ ತಳಿಯ ಹೆಸರೂ ಹೌದು, ಆ ಕಡೆಯ ದ್ವೀಪಗಳಲ್ಲಿ ಇವತ್ತಿಗೂ ದ್ರಾಕ್ಷಿ ತೋಟ ಇವೆ. ಇಷ್ಟು ಚಳಿ ನಾಡಿನಲ್ಲಿ ಹೇಗೆ ಅಂದ್ರೆ ಕೆರೆಯೇ ಕಾರಣ. ವಸಂತದಲ್ಲಿ ತಣ್ಣಗಿನ ನೀರು ದಡದ ಗಾಳಿಯನ್ನ ತಣ್ಣಗಿಟ್ಟು ಚಿಗುರನ್ನ ತಡ ಮಾಡುತ್ತೆ, ಹಾಗಾಗಿ ಕೊನೆಯ ಹಿಮಕ್ಕೆ ಚಿಗುರು ಸುಡೋದಿಲ್ಲ. ಶರತ್ಕಾಲದಲ್ಲಿ ಬೆಚ್ಚಗಿನ ನೀರು ಇನ್ನಷ್ಟು ದಿನ ಕೊಡುತ್ತೆ. ಮೀನು ಹಿಡಿಯೋಕೆ ಹೋದವನು ತೋಟ ನೋಡಿಕೊಂಡು ನಿಂತಿದ್ದಕ್ಕೆ ಅಣ್ಣ ಬೈದ.

ಪರವಾನಗಿ ಆನ್‌ಲೈನ್‌ನಲ್ಲಿ, ಫೋನಿನಲ್ಲೇ ಆಗುತ್ತೆ. ಒಬ್ಬರಿಗೆ ದಿನಕ್ಕೆ ಆರು ವಾಲೈ, 15 ಇಂಚಿಗಿಂತ ಚಿಕ್ಕದು ಸಿಕ್ಕರೆ ವಾಪಸ್ ಬಿಡಬೇಕು. ರ‍್ಯಾಂಪ್‌ನಲ್ಲಿ ಅಧಿಕಾರಿ ಬಂದು ಅಳತೆಪಟ್ಟಿ ಇಟ್ಟು ನೋಡ್ತಾರೆ. ಯಾರೂ ಗೊಣಗಲ್ಲ. ತಲೆಗೊಂದು ಲೈಫ್ ಜಾಕೆಟ್, ಎಸೆಯೋಕೆ ಒಂದು ಟ್ಯೂಬು, ಸೀಟಿ, ಅಗ್ನಿಶಾಮಕ, ಬೆಳಕಿನ ಸಿಗ್ನಲ್ ಇವೆಲ್ಲ ದೋಣಿಯಲ್ಲಿ ಇರಲೇಬೇಕು. ಜೊತೆಗೆ ಅಣ್ಣ ಒಂದು ಕೈ ರೇಡಿಯೋ ತಗೊಂಡಿದ್ದ, ಅದರಲ್ಲಿ 16ನೇ ಚಾನಲ್ ಅಂದ್ರೆ ಕೋಸ್ಟ್ ಗಾರ್ಡ್.

ಗಾಳಕ್ಕೆ ಎರೆಹುಳು. ಅಂಗಡಿಯಲ್ಲಿ ಫ್ರಿಜ್‌ನೊಳಗೆ, ಐಸ್‌ಕ್ರೀಂ ಥರದ ಡಬ್ಬಿಯಲ್ಲಿ ಡಜನ್ ಲೆಕ್ಕದಲ್ಲಿ ಎರೆಹುಳು ಮಾರ್ತಾರೆ! ನಮ್ಮ ಎರೆಗೊಬ್ಬರ ತೊಟ್ಟಿಯ ಜಾತಿ ಅಲ್ಲ, ಪೆನ್ಸಿಲ್‌ಗಿಂತ ದಪ್ಪ, ನೇರ ಆಳಕ್ಕೆ ಬಿಲ ತೋಡೋ ಯುರೋಪಿನ ಮೂಲದ್ದು. ಹೆಚ್ಚಿನವು ಕೆರೆಯ ಆಚೆ ದಡದ ಕೆನಡಾದ ಹೊಲಗಳಲ್ಲಿ ರಾತ್ರಿ ಹೊತ್ತು ತಲೆಗೆ ದೀಪ ಕಟ್ಟಿಕೊಂಡ ಕೂಲಿಯವರು ಕೈಯಲ್ಲಿ ಆರಿಸಿದ್ದು. ಹುಳುವನ್ನ ಹೊಲಕ್ಕೆ ತರೋಕೆ ಹತ್ತು ವರ್ಷದಿಂದ ಒದ್ದಾಡ್ತಿರೋ ನನಗೆ, ಹೊಲದಿಂದ ಹುಳು ಆರಿಸಿ ಮಾರೋದು ನೋಡಿ ಹೊಟ್ಟೆ ಚುರ್ ಅಂತು. ಕೊಕ್ಕೆಗೆ ಸಿಕ್ಕಿಸೋಕೆ ಮೊದಲ ದಿನ ಕೈ ಬರಲಿಲ್ಲ, ಅಣ್ಣನೇ ಸಿಕ್ಕಿಸಿಕೊಟ್ಟ.

ಎಂಜಿನ್ ಆರಿಸಿ, ಗಾಳಿಗೆ ದೋಣಿ ತೇಲಲು ಬಿಟ್ಟು, ಮಿನುಗೋ ತಗಡಿನ ಬಿಲ್ಲೆ ಹಿಂದೆ ಹುಳು ಎಳೆಯೋದು ಅಲ್ಲಿಯ ರೀತಿ. ವಾಲೈ ಕಣ್ಣಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಬೆಳಕು ತಿರುಗಿಸೋ ಪದರ ಇದೆ, ಮಬ್ಬು ನೀರಲ್ಲೂ ಕಾಣುತ್ತೆ. ಎಳೆತ ಜೋರಾಗಿರಲ್ಲ. ಚೀಲಕ್ಕೆ ಒದ್ದೆ ಗೋಣಿ ಸಿಕ್ಕಿಕೊಂಡ ಹಾಗೆ ಭಾರ ಅನಿಸುತ್ತೆ, ಆಮೇಲೆ ಆ ಗೋಣಿ ತಲೆ ಅಲ್ಲಾಡಿಸುತ್ತೆ. ಮೊದಲ ದಿನ ಇಬ್ಬರಿಗೂ ಸೇರಿ ನಾಲ್ಕು. ದೊಡ್ಡಮ್ಮ ಊರಿಂದ ತಂದಿದ್ದ ಉಪ್ಪಾಗೆ ಹುಳಿ ಹಾಕಿ ಸಾರು ಮಾಡಿದ್ಲು. ಮುಳ್ಳು ಕಡಿಮೆ, ರುಚಿಯೂ ನಮ್ಮ ನಾಲಿಗೆಗೆ ಸ್ವಲ್ಪ ಕಡಿಮೆಯೇ. ಅಜ್ಜ ಮಾತ್ರ ಎರಡು ಸಲ ಹಾಕಿಸಿಕೊಂಡ್ರು.

ಗಾಳಿ ತಿರುಗಿದ ದಿನ

ನಾಲ್ಕನೇ ಸಲ ಹೋದಾಗ ಜೂನ್ ಎರಡನೇ ವಾರ. ದಡದಿಂದ ವಾಯವ್ಯಕ್ಕೆ 13 ಕಿಲೋಮೀಟರ್ ದೂರದ ನಯಾಗರಾ ರೀಫ್ ಅನ್ನೋ ಬಂಡೆ ದಿಬ್ಬದ ಹತ್ತಿರ ಇದ್ವಿ. ಪೂರ್ವದ ಕಡೆ ದ್ವೀಪದ ಮೇಲಿನ ಪೆರಿ ಸ್ಮಾರಕದ ಕಂಬ, 107 ಮೀಟರ್ ಎತ್ತರದ್ದು, ಪೆನ್ಸಿಲ್ ನೆಟ್ಟ ಹಾಗೆ ಕಾಣ್ತಿತ್ತು. ಹವಾಮಾನ ಹಿಂದಿನ ರಾತ್ರಿಯೇ ನೋಡಿದ್ವಿ. ಬೆಳಗ್ಗೆ ನೈಋತ್ಯದಿಂದ ಮೆಲುಗಾಳಿ, ಮಧ್ಯಾಹ್ನದ ಮೇಲೆ ಈಶಾನ್ಯಕ್ಕೆ ತಿರುಗಿ ಜೋರು. ಸ್ಪಷ್ಟವಾಗಿ ಬರೆದಿತ್ತು. 11 ಗಂಟೆಗೆ ಹೊರಡೋದು ಅಂತ ಮಾತಾಗಿತ್ತು.

10:45ಕ್ಕೆ ಮೀನು ಕಚ್ಚೋಕೆ ಶುರು ಮಾಡಿದ್ವು.

ಅಷ್ಟೇ ನಡೆದದ್ದು. ಇನ್ನೊಂದು, ಇನ್ನೊಂದು ಅಂತ 12:30 ಆಯ್ತು. ಹತ್ತು ಮೀನು ಆಗಿತ್ತು, ಹನ್ನೆರಡು ಮಾಡೋಣ ಅಂತ ಆಸೆ. ಇದ್ದಕ್ಕಿದ್ದ ಹಾಗೆ ಗಾಳಿ ನಿಂತು ನೀರು ಎಣ್ಣೆ ಥರ ನುಣುಪಾಯ್ತು. ನನಗೆ ಖುಷಿ. ಅಣ್ಣ ಮಾತಾಡದೆ ಗಾಳದ ದಾರ ಸುತ್ತೋಕೆ ಶುರು ಮಾಡಿದ. ಐದು ನಿಮಿಷಕ್ಕೆ ಆ ಕಡೆಯಿಂದ ಕಪ್ಪು ಗೆರೆ ಬಂತು, ಇಪ್ಪತ್ತು ನಿಮಿಷಕ್ಕೆ ಅಲೆ ನನ್ನ ಎದೆ ಎತ್ತರ. ದಡ ಇರೋದು ಆಗ್ನೇಯಕ್ಕೆ, ಗಾಳಿ ಈಶಾನ್ಯದ್ದು. ಅಂದ್ರೆ ನೆಟ್ಟಗೆ ಹೋದ್ರೆ ಪ್ರತಿ ಅಲೆ ಪಕ್ಕೆಗೆ ಬಡಿದು ಮಗುಚುತ್ತೆ. ಅಣ್ಣ ಅಲೆಗೆ ಓರೆಯಾಗಿ ಮೂತಿ ಕೊಟ್ಟು ಒಂದಷ್ಟು ದೂರ, ಆಮೇಲೆ ತಿರುಗಿಸಿ ಅಲೆಯ ಜೊತೆ ಒಂದಷ್ಟು ದೂರ, ಹೀಗೆ ಹಾವು ಹೋದ ಹಾಗೆ ಹೋದ. ಬೆಳಗ್ಗೆ 25 ನಿಮಿಷದಲ್ಲಿ ಬಂದ ದಾರಿಗೆ ಒಂದೂವರೆ ಗಂಟೆ ಮೇಲೆ ಹಿಡೀತು.

ಮಧ್ಯೆ ಹಿಂಬದಿಯಿಂದ ಒಂದು ಅಲೆ ಒಳಗೆ ಬಂತು. ನೀರು ಹೊರಗೆ ಹಾಕೋ ಪಂಪಿನ ಸ್ವಿಚ್ ಒತ್ತಿದೆ, ಸದ್ದಿಲ್ಲ. ವೈರ್ ಜೋಡಿಸಿದ್ದು ನಾನೇ. ತೋಟದ ಮೋಟಾರಿಗೆ ಮಾಡೋ ಹಾಗೆ ತಿರುಚಿ, ಟೇಪು ಸುತ್ತಿ ಬಿಟ್ಟಿದ್ದೆ. ಕುಲುಕಾಟಕ್ಕೆ ಬಿಚ್ಚಿಕೊಂಡಿತ್ತು. ಆಮೇಲಿನ ಒಂದು ಗಂಟೆ ನಾನು ಮಂಡಿಯೂರಿ ಕತ್ತರಿಸಿದ ಹಾಲಿನ ಕ್ಯಾನಿನಲ್ಲಿ ನೀರು ಮೊಗೆದು ಹೊರಗೆ ಎರಚಿದೆ. ನನಗೆ ಈಜು ಬರುತ್ತೆ, ನಮ್ಮೂರಿನ ಹಿನ್ನೀರಲ್ಲಿ ಕಲಿತದ್ದು. ಆ ನೀರು ನೋಡಿದ ಮೇಲೆ ಈಜು ಬರುತ್ತೆ ಅನ್ನೋ ಮಾತಿಗೆ ಏನೂ ಅರ್ಥ ಇಲ್ಲ ಅನಿಸ್ತು. ಅಲೆ ತಲೆ ಮೇಲೆ ಹೋದಾಗಲೆಲ್ಲ ಎಂಜಿನ್ ಹಿಂದಕ್ಕೆ ಜಗ್ಗೋದು, ನನ್ನ ಕಣ್ಣು ಆ ಹಲಗೆ ಮೇಲೆ. ಗ್ಯಾರೇಜಿನ ಹಸಿರು ಹಲಗೆ ಮೇಲೆ ಎಳೆದ ಪೆನ್ಸಿಲ್ ಗೆರೆ ನೆನಪಾಗೋದು. ಅಣ್ಣನ ಮಗುವಿಗೆ ಆಗ ಎರಡೂವರೆ ತಿಂಗಳು.

ದಡ ಸೇರಿದ ಮೇಲೆ ಇಬ್ಬರೂ ಹತ್ತು ನಿಮಿಷ ಮಾತಾಡಲಿಲ್ಲ. ಮನೆಯಲ್ಲಿ ದೊಡ್ಡಮ್ಮನಿಗೆ ಸ್ವಲ್ಪ ಗಾಳಿ ಇತ್ತು ಅಂತ ಮಾತ್ರ ಹೇಳಿದ್ವಿ. ಅಜ್ಜನಿಗೆ ಮಾತ್ರ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. 11 ಅಂದಿದ್ದು 12:30 ಯಾಕಾಯ್ತು ಅಂತ ಒಂದೇ ಪ್ರಶ್ನೆ ಕೇಳಿದ್ರು. ಮಾರನೇ ದಿನ ಬಂದು ಪಂಪಿನ ವೈರಿಗೆ ಬಿಸಿ ಮಾಡಿದ್ರೆ ಕುಗ್ಗಿ ಕಚ್ಚಿಕೊಳ್ಳೋ ಕೊಳವೆ ಹಾಕೋದು ಹೇಗೆ ಅಂತ ತೋರಿಸಿದ್ರು. ಅದೇ ಕೊಳವೆ ಈಗ ನನ್ನ ತೋಟದ ಸಬ್‌ಮರ್ಸಿಬಲ್ ಜೋಡಣೆಗೂ ಹಾಕ್ತೀನಿ.

ಮಣ್ಣಿನಿಂದ ಎದ್ದ ಹುಳು

ನಾನು ಹೊರಡೋ ವಾರ ಇನ್ನೊಂದು ನೋಡಿದೆ. ರಾತ್ರಿ ಬೆಳಗಾಗೋದ್ರೊಳಗೆ ಬೀದಿದೀಪ, ಗೋಡೆ, ಕಾರು ಎಲ್ಲದರ ಮೇಲೂ ರೆಕ್ಕೆ ಹುಳ. ಮೇಫ್ಲೈ ಅಂತಾರೆ. ಮಳೆ ಶುರುವಾದಾಗ ನಮ್ಮ ಗೆದ್ದಲು ಏಳೋ ಹಾಗೆ, ಆದ್ರೆ ಇವು ಏಳೋದು ಕೆರೆಯ ತಳದ ಕೆಸರಿನಿಂದ. ಮೋಡದ ಹಾಗೆ ಏಳೋದ್ರಿಂದ ಹವಾಮಾನದ ರೇಡಾರ್‌ನಲ್ಲೂ ಕಾಣುತ್ತೆ, ಫೋನಿನಲ್ಲಿ ನಾನೇ ನೋಡಿದೆ. ಮರಿ ಕೆಸರಲ್ಲಿ ಬಿಲ ತೋಡಿಕೊಂಡು ಒಂದೆರಡು ವರ್ಷ ಇರುತ್ತೆ. ಹೊರಗೆ ಬಂದ ಮೇಲೆ ಒಂದೆರಡು ದಿನದ ಆಯಸ್ಸು, ತಿನ್ನೋಕೆ ಬಾಯಿಯೇ ಇಲ್ಲ. ಆ ವಾರ ನಮ್ಮ ಎರೆಹುಳು ಯಾವ ಮೀನಿಗೂ ಬೇಡ, ಹೊಟ್ಟೆ ಸೀಳಿದ್ರೆ ಬರೀ ಮೇಫ್ಲೈ ಮರಿ.

ಅಜ್ಜ ಚಿಕ್ಕವರಿದ್ದಾಗ ಈ ಹುಳು ಪೂರ್ತಿ ಕಾಣೆಯಾಗಿತ್ತು. ಕೆರೆಗೆ ಊರಿನ ಕೊಳಚೆ, ರಂಜಕ ಸೇರಿ ಪಾಚಿ ಬೆಳೆದು, ಅದು ಕೊಳೆತು, 1953ರಲ್ಲಿ ತಳದ ನೀರಲ್ಲಿ ಆಮ್ಲಜನಕವೇ ಉಳೀಲಿಲ್ಲ. ಮರಿಗಳು ಸತ್ತವು. ಕೊಳಚೆ ಶುದ್ಧ ಮಾಡೋಕೆ ಶುರು ಮಾಡಿದ ಮೇಲೆ 1990ರ ದಶಕದಲ್ಲಿ ಮತ್ತೆ ಬಂದವು. ಅದಕ್ಕೇ ಅಲ್ಲಿಯವರು ಹುಳು ಗುಡಿಸುತ್ತಾ ಬೈತಾರೆ, ಒಳಗೊಳಗೆ ಖುಷಿನೂ ಪಡ್ತಾರೆ.

ಆದ್ರೆ ಪಾಚಿ ವಾಪಸ್ ಬಂದಿದೆ, ಈ ಸಲ ಮುಖ್ಯವಾಗಿ ಹೊಲದಿಂದ. 2014ರ ಆಗಸ್ಟ್ ಮೊದಲ ವಾರ ಟೊಲಿಡೊ ಪಟ್ಟಣದ ನಲ್ಲಿ ನೀರಲ್ಲಿ ಪಾಚಿಯ ವಿಷ ಬಂತು. ಕುದಿಸಿದ್ರೆ ಹೋಗೋ ವಿಷ ಅಲ್ಲ ಅದು, ಇನ್ನೂ ಗಟ್ಟಿಯಾಗುತ್ತೆ. ನಾಲ್ಕೈದು ಲಕ್ಷ ಜನ ಮೂರು ದಿನ ಬಾಟಲಿ ನೀರಲ್ಲಿ ಕಾಲ ಕಳೆದ್ರು. ಮಾಮಿ ನದಿ ಹರಿಯೋ ನಾಡು ಹೆಚ್ಚಿನ ಭಾಗ ಹೊಲವೇ. ಮೊದಲು ಜೌಗು ಕಾಡು, ನೆಲದಡಿ ಕೊಳವೆ ಹಾಕಿ ನೀರು ಬಸಿದು ಹೊಲ ಮಾಡಿದ್ದು. ಮೇಲೆ ಎರಚಿದ ರಂಜಕ ವಸಂತದ ಮಳೆಗೆ ಕರಗಿ, ಆ ಕೊಳವೆ ಹಿಡಿದು ನದಿ ಸೇರಿ, ನದಿ ಕೆರೆ ಸೇರಿ, ಆಗಸ್ಟ್‌ನಲ್ಲಿ ಹಸಿರು ಬಣ್ಣ. 2008ಕ್ಕೆ ಹೋಲಿಸಿದ್ರೆ ಶೇ. 40ರಷ್ಟು ಇಳಿಸಬೇಕು ಅಂತ ಅಮೆರಿಕ, ಕೆನಡಾ 2016ರಲ್ಲಿ ಗುರಿ ಹಾಕಿಕೊಂಡಿವೆ. ಗೊಬ್ಬರ ಎರಚಬೇಡಿ, ಮಣ್ಣೊಳಗೆ ಇಳಿಸಿ, ಮಳೆ ಮುನ್ಸೂಚನೆ ನೋಡಿ ಹಾಕಿ, ಮಣ್ಣು ಪರೀಕ್ಷೆ ಮಾಡಿಸಿ ಅಂತ ರೈತರಿಗೆ ದುಡ್ಡು ಕೊಟ್ಟು ಹೇಳ್ತಿದ್ದಾರೆ.

ನಾನೂ ಎರಚಿದ್ದೀನಿ ಅಂದ್ರು ಅಜ್ಜ. ಮೂವತ್ತು ವರ್ಷ, ಎಲ್ಲರ ಹಾಗೆ. ನಮ್ಮ ಹೊಲ ಎಷ್ಟು ಚೆನ್ನಾಗಿತ್ತು ಅಂತ ಹೇಳೋ ಧಾಟಿಯಲ್ಲೇ ಹೇಳಿದ್ರು.

ನಾನು ಸಾವಯವ, ನಮಗೇನು ಅಂತ ಮೊದಲು ಅನಿಸಿತ್ತು. ಊರಿಗೆ ಬಂದು ಮಣ್ಣು ಪರೀಕ್ಷೆ ಮಾಡಿಸಿದೆ. ಮನೆ ಹತ್ತಿರದ ತರಕಾರಿ ಪಟ್ಟಿಯಲ್ಲಿ ಲಭ್ಯ ರಂಜಕ ಬೇಕಾದ್ದಕ್ಕಿಂತ ಎಷ್ಟೋ ಮೇಲೆ. ಆರು ವರ್ಷ ಸಾರಜನಕದ ಲೆಕ್ಕ ಹಿಡಿದು ಕೋಳಿಗೊಬ್ಬರ ಸುರಿದಿದ್ದೆ. ಕೋಳಿಗೊಬ್ಬರದಲ್ಲಿ ಬೆಳೆ ಕೇಳೋ ಪ್ರಮಾಣಕ್ಕಿಂತ ರಂಜಕ ಹೆಚ್ಚು, ಹಾಗಾಗಿ ಸಾರಜನಕ ಸರಿಯಾಗೋ ಹೊತ್ತಿಗೆ ರಂಜಕ ತುಂಬಿ ತುಳುಕುತ್ತೆ. ನಮ್ಮ ಮಲೆನಾಡಿನ ಹುಳಿ ಕೆಂಪುಮಣ್ಣು ರಂಜಕವನ್ನ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಟ್ಟಿಹಾಕುತ್ತೆ, ಅಲ್ಲಿಯ ಹಾಗೆ ಅಷ್ಟು ಸುಲಭಕ್ಕೆ ಕರಗಿ ಹೋಗಲ್ಲ. ಆದ್ರೆ ಜೂನ್-ಜುಲೈ ಮಳೆಗೆ ಮಣ್ಣೇ ಕೊಚ್ಚಿ ಹೋದ್ರೆ ಜೊತೆಗೆ ಅದೂ ಹೋಗುತ್ತೆ, ನೆಟ್ಟಗೆ ಕೆಳಗಿನ ಕೆರೆಗೆ. ಆ ಪಟ್ಟಿಗೆ ಕೋಳಿಗೊಬ್ಬರ ನಿಲ್ಲಿಸಿ ಸಾರಜನಕಕ್ಕೆ ಗ್ಲಿರಿಸಿಡಿಯಾ ಸೊಪ್ಪು, ಮಧ್ಯೆ ಅಲಸಂದೆ ಹಾಕ್ತಿದ್ದೀನಿ. ಗೊಬ್ಬರದ ರಾಶಿಯನ್ನ ಇಳಿಜಾರಿನಿಂದ ಮೇಲೆ ತಂದು ಮಳೆಗೆ ಮೊದಲು ಮುಚ್ಚಿಡ್ತೀನಿ. ಇಳುವರಿ ಇಳಿದಿಲ್ಲ.

ಇನ್ನೊಂದು ಕೆಲಸ ಮಾಡಿದೆ. ನಮ್ಮ ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ, ಅಂಚು ಜಾರುತ್ತೆ, ಈಜು ಬಂದವನೂ ಹತ್ತಿ ಬರೋಕಾಗಲ್ಲ. ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟೆ, ಹಳೆ ಟ್ರಾಕ್ಟರ್ ಟ್ಯೂಬು ಗಾಳಿ ತುಂಬಿ ಕಂಬಕ್ಕೆ ಕಟ್ಟಿದೆ. ಐನೂರು ರೂಪಾಯಿ ಒಳಗೆ ಮುಗೀತು. ಹೊಂಡ ಆಗಿ ನಾಲ್ಕು ವರ್ಷ ಆದ ಮೇಲೆ.

ಆಗಸ್ಟ್‌ನಲ್ಲಿ ಅಣ್ಣ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ದೋಣಿ ಪಕ್ಕ ನೀರು ಹಸಿರು ಪೇಂಟ್ ಚೆಲ್ಲಿದ ಹಾಗಿತ್ತು. ಗಾಳ ಹಾಕದೆ ವಾಪಸ್ ಬಂದೆ ಅಂತ ಬರೆದಿದ್ದ. ಕಳೆದ ಜೂನ್‌ನಲ್ಲಿ ಮತ್ತೊಂದು ಬಂತು, ಆರು ವಾಲೈ, ಪಕ್ಕದಲ್ಲಿ ಲೈಫ್ ಜಾಕೆಟ್ ಹಾಕಿದ ಅಜ್ಜ. ಫೋಟೊದ ಮೂಲೆಯಲ್ಲಿ ಸಮಯ ಇತ್ತು, 10:50. ರ‍್ಯಾಂಪ್‌ಗೆ ವಾಪಸ್ ಬಂದಾಗ ತೆಗೆದದ್ದು.